ಜಗುಲಿಯ ಬಾಕ್ಸು, ಒಳಕೋಣೆಯ ಟೀವಿ: ಒಂದೇ ಡಿಟಿಎಚ್ ಎರಡು ಕಡೆ ನೋಡೂದು ಹೇಗೆ?

ಪ್ರಶ್ನೆ: ನಮ್ಮದು ಹೊನ್ನಾವರ ಹತ್ತಿರ ಚಿರೇಕಲ್ಲಿನ ಹಳೇ ಹೆಂಚಿನ ಮನೆ. ಡಿಟಿಎಚ್ ಬಾಕ್ಸು, ದೊಡ್ಡ ಟೀವಿ ಎರಡೂ ಜಗುಲೀಲಿ ಅದೆ. ಅತ್ತೆ ಬಿದ್ದು ಸೊಂಟದ ಮೂಳೆ ಮುರಿದು ಆಪರೇಶನ್ ಆಗಿ ಈಗ ಒಳಕೋಣೇಲೇ ಇರ್ತಾರೆ, ಅವರಿಗೆ ಅಂತ 24 ಇಂಚಿನ ಒಂದು ಎಲ್‌ಇಡಿ ಟೀವಿ ಇಟ್ಟಿದ್ದೇವೆ. ವೈರು ಹೋಗೂ ದಾರಿ ಹಗ್ಗ ಹಿಡಿದು ಅಳೆದ್ರೆ 22 ಮೀಟರ್ ಬಂತು. ಪೇಟೆಯಿಂದ ಬಂದ ಹುಡುಗ ಡಿಶ್ ವೈರಿಗೆ ಸ್ಪ್ಲಿಟರ್ ಹಾಕಿ ಒಂದು ತುದಿ ಒಳಗಿನ ಟೀವಿಗೆ ಚುಚ್ಚಿ ಹೋದ, ಅಲ್ಲಿ ಏನೂ ಬರೂದಿಲ್ಲ, ಜಗುಲಿ ಟೀವಿನೂ ಈಗ ಸಣ್ಣ ಮಳೆ ಬಂದ್ರೆ ಸಾಕು ಹೋಗ್ತದೆ. ಇದೇ ಬಾಕ್ಸಿಂದ ಒಳಗೂ ಬರೂ ಹಾಗೆ ಮಾಡ್ಬಹುದಾ, ಇಲ್ಲ ಎರಡನೇ ಕನೆಕ್ಷನ್ನೇ ತಗೊಳ್ಬೇಕಾ?

ಉತ್ತರ: ಮಾಡ್ಬಹುದು ತಂಗೀ, ಚೆನ್ನಾಗೇ ಮಾಡ್ಬಹುದು. ಆದ್ರೆ ಮೊದಲು ಆ ಸ್ಪ್ಲಿಟರ್ ತೆಗೆದು ಡಿಶ್ ವೈರು ಮುಂಚಿನ ಹಾಗೇ ನೇರ ಬಾಕ್ಸಿಗೆ ಹಾಕಿ, ಉಳಿದ ಮಾತು ಆಮೇಲೆ.

ಯಾಕೆ ಅಂದ್ರೆ ಡಿಶ್ಶಿಂದ ಇಳಿದು ಬರೂದು ಟೀವಿಗೆ ಅರ್ಥ ಆಗೂ ಚಿತ್ರ ಅಲ್ಲ. ಉಪಗ್ರಹದಿಂದ 11-12 ಗಿಗಾಹರ್ಟ್ಸಲ್ಲಿ ಬಂದದ್ದನ್ನ ಡಿಶ್ ಮುಂದೆ ಕೂತಿರೂ ಎಲ್‌ಎನ್‌ಬಿ ಕೆಳಗಿಳಿಸಿ 950ರಿಂದ 2150 ಮೆಗಾಹರ್ಟ್ಸ್ ಒಳಗೆ ತಂದು ವೈರಲ್ಲಿ ಕಳಿಸ್ತದೆ, ಅದೂ ಬೀಗ ಹಾಕಿದ ಸಿಗ್ನಲ್ಲು, ಬೀಗದ ಕೈ ಇರೂದು ನಿಮ್ಮ ಬಾಕ್ಸಲ್ಲಿ. ಹಾಗಾಗಿ ಆ ವೈರು ನೇರ ಟೀವಿ ಹಿಂದೆ ಚುಚ್ಚಿದ್ರೆ ನೀವು ದುಡ್ಡು ಕಟ್ಟಿದ ಚಾನೆಲ್ ಒಂದೂ ಬರೂದಿಲ್ಲ. ಇನ್ನು ಪೇಟೇಲಿ ಸಿಗೂ ಸಾದಾ ಸ್ಪ್ಲಿಟರ್ ಕೇಬಲ್ ಟೀವಿಯವರದ್ದು, ಮೈ ಮೇಲೇ 5-1000 ಮೆಗಾಹರ್ಟ್ಸ್ ಅಂತ ಬರೆದಿರ್ತದೆ, ತಿರುಗಿಸಿ ನೋಡಿ. ಎರಡು ಬಾಯಿಗೆ ಹಂಚಿದಾಗ ಒಂದೊಂದಕ್ಕೆ ಅರ್ಧಕ್ಕಿಂತ ಕಮ್ಮಿ ಸಿಗ್ನಲ್ ಸಿಗ್ತದೆ, 1000ದ ಮೇಲಿನದ್ದಂತೂ ಅದರಲ್ಲಿ ಇನ್ನೂ ಕೆಟ್ಟದಾಗಿ ಸೋರಿ ಹೋಗ್ತದೆ, ಡಿಶ್ಶಿನ ಸಿಗ್ನಲ್ ಪೂರ್ತಿ ಇರೂದೇ ಅಲ್ಲಿ. ಮಳೇಲಿ ಎಲ್ಲರ ಮನೇಲೂ ಸಿಗ್ನಲ್ ಸ್ವಲ್ಪ ಕುಗ್ಗೂದೇ, ನಿಮ್ಮಲ್ಲಿ ಮೊದಲೇ ಕುಗ್ಗಿ ಕೂತಿದ್ದಕ್ಕೆ ಸಣ್ಣ ಮಳೆ ತಡ್ಕೊಳ್ಳೂ ತಾಕತ್ತೂ ಉಳಿದಿಲ್ಲ. ಅದಕ್ಕಿಂತ ಮುಖ್ಯ ವಿಷಯ ಏನಂದ್ರೆ ಬಾಕ್ಸು ಎಲ್‌ಎನ್‌ಬಿಗೆ ಅದೇ ವೈರಲ್ಲಿ 13 ಇಲ್ಲಾ 18 ವೋಲ್ಟ್ ಕರೆಂಟು ಮೇಲಕ್ಕೆ ಕಳಿಸ್ತಾ ಇರ್ತದೆ, ಕರೆಂಟು ಬಿಡೂ ಸ್ಪ್ಲಿಟರ್ ಆದ್ರೆ ಅದೇ ವೋಲ್ಟು ಒಳಗಿನ ಟೀವಿಯ ಆಂಟೆನಾ ತೂತಿಗೂ ಹೋಗಿರ್ತದೆ. ಅದು ಟೀವಿಗೆ ಒಳ್ಳೇದಲ್ಲ, ಅದಕ್ಕೇ ಇವತ್ತೇ ತೆಗೀರಿ ಅಂದದ್ದು.

ಎರಡನೇ ಟೀವಿಗೆ ಏನೇ ತಗೊಂಡ್ರೂ ಬಾಕ್ಸಿಂದ ಹೊರಗೆ ಬರೂ ಕಡೆಯಿಂದ ತಗೊಳ್ಬೇಕು, ಬಾಕ್ಸಿಗೆ ಒಳಗೆ ಹೋಗೂ ಕಡೆಯಿಂದ ಅಲ್ಲ. ಹಾಗೆ ತಗೊಂಡ್ರೆ ಎರಡೂ ಟೀವೀಲಿ ಒಂದೇ ಚಾನೆಲ್ ಬರ್ತದೆ. ಅತ್ತೆ ಒಳಗೆ ಯಕ್ಷಗಾನ ಹಾಕಿದ್ರೆ ಜಗುಲೀಲಿ ಕ್ರಿಕೆಟ್ ನೋಡ್ತಾ ಇದ್ದವರಿಗೂ ಯಕ್ಷಗಾನವೇ. ಇದನ್ನ ಮನೇಲಿ ಎಲ್ಲರೂ ಕೂತು ಮೊದಲೇ ಮಾತಾಡ್ಕೊಳ್ಳಿ, ನಾನು ನೋಡಿದ ಮನೆಗಳಲ್ಲಿ ವೈರೆಲ್ಲ ಎಳೆದು ಮುಗಿಸಿ ವಾರದೊಳಗೆ ಬೇಜಾರಾಗೂದು ಇದೇ ಕಾರಣಕ್ಕೆ. ಹಗಲು ಅತ್ತೆ ಒಬ್ಬರೇ ನೋಡೂದು, ಸಂಜೆ ಎಲ್ಲರಿಗೂ ಅದೇ ಸೀರಿಯಲ್ಲು ಅಂತಾದ್ರೆ ಒಂದೇ ಬಾಕ್ಸು ಧಾರಾಳ ಸಾಕು.

ಬೇರೆ ಬೇರೆ ಚಾನೆಲ್ಲೇ ಬೇಕು ಅಂದ್ರೆ ಎರಡನೇ ಬಾಕ್ಸು ಬೇಕೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಆಗ ಡಿಶ್ಶಲ್ಲಿ ಎಲ್‌ಎನ್‌ಬಿ ಕೂಡ ಎರಡು ಬಾಯಿಯದ್ದು ಹಾಕಿಸಿ ಎರಡು ಬಾಕ್ಸಿಗೂ ಬೇರೆ ಬೇರೆ ವೈರು ಎಳೀಬೇಕು, ಯಾಕೆ ಅಂದ್ರೆ ಒಂದು ಬಾಕ್ಸು 13 ವೋಲ್ಟ್ ಕೊಟ್ಟು ಒಂದು ಗುಂಪಿನ ಚಾನೆಲ್ ಕೇಳ್ತಾ ಇರೂವಾಗ ಇನ್ನೊಂದು 18 ಕೊಟ್ಟು ಬೇರೆ ಗುಂಪು ಕೇಳಿದ್ರೆ ಒಂದೇ ಬಾಯಿ ಇಬ್ಬರ ಮಾತೂ ನಡೆಸ್ಲಿಕ್ಕೆ ಆಗೂದಿಲ್ಲ. ಕಂಪನಿಯವರ ಹತ್ರ ಕೇಳೂವಾಗ ಹೊಸ ಕನೆಕ್ಷನ್ ಅನ್ಬೇಡಿ, ಅದೇ ಮನೇಲಿ ಎರಡನೇ ಟೀವಿ, ಮಲ್ಟಿ ಟೀವಿ ಅಂತ ಕೇಳಿ. 2020ರಲ್ಲಿ ಟ್ರಾಯ್, ಅಂದ್ರೆ ಈ ಕಂಪನಿಗಳ ಮೇಲೆ ಕಣ್ಣಿಡೂ ಸರ್ಕಾರಿ ಸಂಸ್ಥೆ, ಒಂದೇ ಮನೆಯ ಎರಡನೇ ಟೀವಿಯಿಂದ ಮುಂದಕ್ಕೆ ನೆಟ್‌ವರ್ಕ್ ಶುಲ್ಕ ಮೊದಲನೇದರ ಶೇ. 40 ಮೀರಬಾರದು ಅಂತ ಮಾಡಿತ್ತು, 2024ರ ಜುಲೈಲಿ ಆ ಶುಲ್ಕದ ಮಿತಿಗಳನ್ನ ತೆಗೆದು ಕಂಪನಿಗಳಿಗೇ ಬಿಟ್ಟಿತು, ಹಾಗಾಗಿ ತಿಂಗಳಿಗೆ ಎಷ್ಟು ಅಂತ ಬಾಯಲ್ಲಿ ಹೇಳಿಸ್ಕೊಂಡು ಬಿಡ್ಬೇಡಿ, ಬರವಣಿಗೇಲಿ ತಗೊಳ್ಳಿ.

ತಿಂಗಳ ದುಡ್ಡೇ ಬೇಡ, ಚಂದನ ಮತ್ತೆ ಇನ್ನೊಂದಿಷ್ಟು ಚಾನೆಲ್ ಸಾಕು ಅನ್ನೂದಾದ್ರೆ ಡಿಡಿ ಫ್ರೀ ಡಿಶ್ ಕೂಡ ಅದೆ. ಅದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದಿಂದ ಬರೂದು, ನಮ್ಮ ಕಡೆಯಿಂದ ಆಗ್ನೇಯ ದಿಕ್ಕಿಗೆ, ಸುಮಾರು 62 ಡಿಗ್ರಿ ಎತ್ತರಕ್ಕೆ ಆಕಾಶ ತೆರೆದಿರ್ಬೇಕು. ನಿಮ್ಮ ಮನೆ ಆ ಬದಿ ತೆಂಗಿನ ಮರ ಒತ್ತಿಕೊಂಡಿದ್ರೆ ಗಾಳಿಗೆ ಸೋಗೆ ಅಲ್ಲಾಡಿದ ಹಾಗೆಲ್ಲ ಚಿತ್ರ ಹೋಗಿ ಬಂದು ಮಾಡ್ತದೆ, ಡಿಶ್ ತರೂದಕ್ಕಿಂತ ಮೊದಲು ಅಂಗಳದಲ್ಲಿ ನಿಂತು ಆ ದಿಕ್ಕಿಗೆ ಒಮ್ಮೆ ತಲೆ ಎತ್ತಿ ನೋಡಿ.

ಈಗ ನಿಮ್ಮ ವಿಷಯಕ್ಕೇ ಬರ್ತೇನೆ. 22 ಮೀಟರ್, ಚಿರೇಕಲ್ಲಿನ ಗೋಡೆ, ಎರಡೂ ಕಡೆ ಎಚ್‌ಡಿಎಂಐ (ಚಿತ್ರ, ಸದ್ದು ಎರಡೂ ಒಂದೇ ವೈರಲ್ಲಿ ಬರೂ ಚಪ್ಪಟೆ ತೂತು) ಇರೂ ಟೀವಿ. ಇದಕ್ಕೆ ನಾನು ಹೇಳೂದು ಕ್ಯಾಟ್-6 ವೈರಿನ (ಇಂಟರ್‌ನೆಟ್ಟಿಗೆ ಹಾಕೂ ಎಂಟು ಎಳೆಯ ವೈರು) ಮೇಲೆ ಎಚ್‌ಡಿಎಂಐ ಕಳಿಸೂ ಎಕ್ಸ್‌ಟೆಂಡರ್ ಜೋಡಿ, ಅದರಲ್ಲಿ ಐಆರ್ (ರಿಮೋಟಿನ ಮಾತು ಒಯ್ಯೂದು) ಮತ್ತೆ ಲೂಪ್ ಔಟ್ (ಹತ್ತಿರದ ಟೀವಿಗೂ ಚಿತ್ರ ಕೊಡೂ ಇನ್ನೊಂದು ಬಾಯಿ) ಎರಡೂ ಇರೂದನ್ನೇ ಕೇಳಿ ತಗೊಳ್ಳಿ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಎರಡು ಡಬ್ಬಿ ಬರ್ತದೆ, ಕಳಿಸೂದು ಒಂದು, ತಗೊಳ್ಳೂದು ಒಂದು. ಬಾಕ್ಸಿನ ಎಚ್‌ಡಿಎಂಐ ಕಳಿಸೂ ಡಬ್ಬಿಗೆ ಹೋಗ್ತದೆ, ಅದರ ಲೂಪ್ ಔಟಿಂದ ಜಗುಲಿ ಟೀವಿಗೆ, ಕ್ಯಾಟ್-6 ಒಳಕೋಣೆಗೆ, ಅಲ್ಲಿ ತಗೊಳ್ಳೂ ಡಬ್ಬಿಯಿಂದ ಅತ್ತೆಯ ಟೀವಿಗೆ. ಲೂಪ್ ಔಟ್ ಇಲ್ಲದ್ದು ತಂದ್ರೆ ಮೇಲಿಂದ ಒಂದು ಎಚ್‌ಡಿಎಂಐ ಸ್ಪ್ಲಿಟರ್ ಬೇಕಾಗ್ತದೆ, ಡಿಶ್ ವೈರಿಂದ ತೆಗೆದದ್ದು ಅಲ್ಲ, ಅಂಗಡೀಲಿ ಸ್ಪ್ಲಿಟರ್ ಕೇಳಿದ್ರೆ ಸ್ವಿಚ್ ಕೊಡೂದೂ ಉಂಟು, ಸ್ವಿಚ್ ಅಂದ್ರೆ ಎರಡು ಬಾಕ್ಸು ಒಂದು ಟೀವಿಗೆ, ನಿಮಗೆ ಬೇಕಾದ್ದು ಅದರ ಉಲ್ಟಾ. 50-60 ಮೀಟರ್ ಅಂತ ಬರೆದಿರೂ ಜೋಡಿ ತಗೊಂಡ್ರೆ 22ಕ್ಕೆ ಆರಾಮಾಗಿ ಎಳೀತದೆ, ಕಂಪನಿ ನೋಡಿಕೊಂಡು ಎರಡರಿಂದ ನಾಲ್ಕು ಸಾವಿರದ ಆಸುಪಾಸು ಬೀಳ್ಬಹುದು. ಎಚ್‌ಡಿಸಿಪಿ (ಚಿತ್ರ ಕದ್ದು ಕಾಪಿ ಮಾಡದ ಹಾಗೆ ಇಟ್ಟ ಕಾವಲು) ಸಪೋರ್ಟ್ ಅದೆಯಾ ಅಂತ ಕೇಳೂದು ಮರೀಬೇಡಿ, ಬಾಕ್ಸು ಆ ಕಾವಲು ಇಲ್ಲದ ಡಬ್ಬಿಗೆ ಚಿತ್ರ ಬಿಟ್ಟುಕೊಡೂದಿಲ್ಲ, ಪರದೆ ಕಪ್ಪಾಗಿ ಕೂತ್ಕೊಳ್ತದೆ.

ಒಂದು ಉದ್ದ ಎಚ್‌ಡಿಎಂಐ ಕೇಬಲ್ಲೇ ಎಳೆದ್ರೆ ಆಗೂದಿಲ್ವಾ ಅಂತ ಬಹಳ ಜನ ಕೇಳ್ತಾರೆ. ಸಾದಾ ತಾಮ್ರದ ಎಚ್‌ಡಿಎಂಐ 10 ಮೀಟರ್ ದಾಟಿದ್ರೆ ಭರವಸೆ ಇಲ್ಲ, 15 ಅಂದ್ರೆ ಒಳ್ಳೇ ದಪ್ಪ ಕೇಬಲ್ಲೇ ಬೇಕು, 22ಕ್ಕೆ ಚಿತ್ರದ ಮೇಲೆ ಬಿಳಿ ಚುಕ್ಕಿ ಮಿನುಗ್ತದೆ ಇಲ್ಲ ಪೂರ್ತಿ ಹೋಗಿ ಬಂದು ಮಾಡ್ತದೆ. ಫೈಬರಿನ ಎಚ್‌ಡಿಎಂಐ ಅಷ್ಟು ದೂರ ಚೆಂದ ಹೋಗ್ತದೆ, ಆದ್ರೆ ಅದಕ್ಕೆ ಬಾಕ್ಸಿನ ತುದಿ ಬೇರೆ ಟೀವಿ ತುದಿ ಬೇರೆ, ಉಲ್ಟಾ ಎಳೆದ್ರೆ ಪೂರ್ತಿ ಬಿಚ್ಚಿ ಮತ್ತೆ ಎಳೀಬೇಕು, ಅದೂ ಅಲ್ದೆ ದೊಡ್ಡ ತಲೆ ಗೋಡೆ ತೂತಲ್ಲಿ ತೂರೂದೂ ಕಷ್ಟ. ಎಲ್ಲಕ್ಕಿಂತ ಹೆಚ್ಚಿಗೆ, ಅದರಲ್ಲಿ ರಿಮೋಟಿನ ದಾರಿ ಇಲ್ಲ.

ವೈರಿಲ್ಲದೆ ಚಿತ್ರ ಕಳಿಸೂ ವೈರ್‌ಲೆಸ್ ಡಬ್ಬಿ ಬೇಡ. ತೋರಿಸೂವಾಗ ಅಂಗಡೀಲಿ ಎರಡು ಟೇಬಲ್ ನಡುವೆ ಬಹಳ ಚೆಂದ ಕಾಣ್ತದೆ, ನಮ್ಮ ಚಿರೇಕಲ್ಲಿನ ಒಂದೂವರೆ ಅಡಿ ಗೋಡೆ ಎರಡು ದಾಟ್ಬೇಕು ಅಂದಾಗ ಅದರ ಆಟ ಮುಗೀತದೆ, ಮಳೆಗಾಲದಲ್ಲಿ ಆ ಕಲ್ಲು ನೀರು ಕುಡಿದು ಕೂತಾಗಂತೂ ಕೇಳೂದೇ ಬೇಡ. ಬೇಸಿಗೇಲಿ ಹಾಕಿ ಸರಿ ಇತ್ತು ಅಂತ ದುಡ್ಡು ಕೊಟ್ಟು ಜೂನಲ್ಲಿ ಫೋನ್ ಮಾಡಿದವರನ್ನ ನಾನು ನೋಡಿದ್ದೇನೆ.

ಕೈಲಿ ದುಡ್ಡು ಬಿಗಿ ಇದ್ರೆ ಇನ್ನೊಂದು ದಾರಿ, ನಾಚಿಕೆ ಪಡೂ ದಾರಿ ಏನೂ ಅಲ್ಲ ಅದು. ಬಾಕ್ಸಿನ ಹಿಂದೆ ಎಚ್‌ಡಿಎಂಐ ಜೊತೆಗೆ ಹಳದಿ ಕೆಂಪು ಬಿಳಿ ಮೂರು ತೂತು ಇಲ್ಲ ಇಯರ್‌ಫೋನಿನ ಹಾಗಿನ ಒಂದೇ ಎವಿ ತೂತು ಇರ್ತದೆ, ಬಹಳಷ್ಟು ಬಾಕ್ಸಲ್ಲಿ ಎರಡೂ ಒಟ್ಟಿಗೇ ಕೆಲಸ ಮಾಡ್ತದೆ. ಜಗುಲಿಗೆ ಎಚ್‌ಡಿಎಂಐ ಹಾಗೇ ಇಟ್ಟು ಒಳಗಿಗೆ ಎವಿ ಎಳೀಬಹುದು. ಅದರಲ್ಲಿ ಬರೂದು 576 ಗೆರೆಯ ಹಳೇ ಕಾಲದ ಚಿತ್ರ, ಆದ್ರೆ 24 ಇಂಚಿನ ಟೀವೀನ ಮಂಚದಿಂದ ಎಂಟು ಅಡಿ ದೂರ ನೋಡೂ ವಯಸ್ಸಾದ ಕಣ್ಣಿಗೆ ಅದು ಸಾಕಾಗ್ತದೆ. ರೆಡಿಮೇಡ್ ತೆಳು ಎವಿ ವೈರು ಇಷ್ಟು ಉದ್ದಕ್ಕೆ ಬೇಡ, ಚಿತ್ರಕ್ಕೆ ಡಿಶ್ಶಿಗೆ ಹಾಕೂ ಆರ್‌ಜಿ-6 ವೈರೇ ಎಳೆದು ತುದಿಗೆ ಆರ್‌ಸಿಎ ಪಿನ್ (ಆ ಹಳದಿ ಕೆಂಪು ತೂತಿಗೆ ಹೋಗೂ ದುಂಡು ಪಿನ್) ಹಾಕಿಸಿ, ಸದ್ದಿಗೆ ಇನ್ನೊಂದು ವೈರು. ಒಂಟಿ ತೂತಿನ ಬಾಕ್ಸಾದ್ರೆ ಅದರೊಳಗಿನ ಪಿನ್ನಿನ ಕ್ರಮ ಎಲ್ಲ ಕಂಪನೀದೂ ಒಂದೇ ಅಲ್ಲ, ಹಳದಿ ಹಾಕಿದ್ರೆ ಚಿತ್ರ ಬರದೆ ಗೊರ್ ಅಂತ ಸದ್ದು ಬಂದ್ರೆ ಕೆಂಪು ಪಿನ್ನನ್ನ ಹಳದಿ ತೂತಿಗೆ ಹಾಕಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿ ಆಗ್ತದೆ. ಆದ್ರೆ ಇಲ್ಲೂ ರಿಮೋಟಿಗೆ ಬೇರೆ ವ್ಯವಸ್ಥೆ ಮಾಡ್ಲೇಬೇಕು.

ರಿಮೋಟು ಅಂತ ನಾನು ಇಷ್ಟು ಸಲ ಹೇಳೂದಕ್ಕೆ ಕಾರಣ ಅದೆ. ಹಾಸಿಗೇಲಿ ಇರೂ ಮನುಷ್ಯರಿಗೆ ಚಾನೆಲ್ ಬದಲ್ಸಲಿಕ್ಕೆ ಪ್ರತೀ ಸಲ "ತಂಗೀ, ಸ್ವಲ್ಪ ಬಾರೆ" ಅಂತ ಕರೀಬೇಕಾದ್ರೆ ಎರಡು ದಿನ ಕರೀತಾರೆ, ಮೂರನೇ ದಿನ ಬೇಡ ಅಂತ ಸುಮ್ಮನೆ ಬಂದದ್ದು ನೋಡ್ತಾರೆ. ಚಿತ್ರ ಒಳಗೆ ಮುಟ್ಟಿಸಿ ರಿಮೋಟು ಮುಟ್ಟಿಸದೇ ಇದ್ರೆ ಅರ್ಧ ಕೆಲಸ ಮಾಡಿದ ಹಾಗೆ. ಬಾಕ್ಸಿನ ರಿಮೋಟು ಕಣ್ಣಿಗೆ ಕಾಣದ ಬೆಳಕಲ್ಲಿ ಮಾತಾಡ್ತದೆ, ಗೋಡೆ ದಾಟೂದಿಲ್ಲ. ಎಕ್ಸ್‌ಟೆಂಡರಿನ ಐಆರ್ ಮಾಡೂದು ಇಷ್ಟೇ, ಒಳಕೋಣೆಯ ಡಬ್ಬಿಗೆ ಸಿಕ್ಕಿಸಿದ ಕಪ್ಪು ಕಣ್ಣು ರಿಮೋಟಿನ ಬೆಳಕು ಹಿಡಿದು ಅದೇ ಕ್ಯಾಟ್-6ನಲ್ಲಿ ಹಿಂದಕ್ಕೆ ಜಗುಲಿಗೆ ಕಳಿಸ್ತದೆ, ಅಲ್ಲಿ ಇನ್ನೊಂದು ಸಣ್ಣ ವೈರಿನ ತುದಿಯ ದೀಪ ಅದನ್ನ ಬಾಕ್ಸಿನ ಮೂತಿಗೆ ಮತ್ತೆ ಬೀರ್ತದೆ. ಈ ಎರಡು ವೈರು ನೋಡ್ಲಿಕ್ಕೆ ಅಣ್ಣತಮ್ಮಂದಿರ ಹಾಗೆ ಇರ್ತದೆ, ಅದಲು ಬದಲು ಆಗೂದೇ ಹೆಚ್ಚು. ಕಣ್ಣು ಅತ್ತೆಯ ಕಡೆ, ದೀಪ ಬಾಕ್ಸಿನ ಕಡೆ, ಡಬ್ಬಿ ಮೇಲೆ ಟಿಎಕ್ಸ್ (ಕಳಿಸೂದು) ಆರ್‌ಎಕ್ಸ್ (ತಗೊಳ್ಳೂದು) ಅಂತ ಏನು ಬರೆದಿದ್ರೂ ಇದನ್ನ ನೆನಪಿಡಿ.

ದೀಪ ಎಲ್ಲಿ ಅಂಟಿಸೂದು ಅಂತ ಗೊತ್ತಾಗ್ಬೇಕಾದ್ರೆ ಮೊಬೈಲ್ ಟಾರ್ಚ್ ಹಿಡಿದು ಬಾಕ್ಸಿನ ಮುಂದಿನ ಕಪ್ಪು ಪ್ಲಾಸ್ಟಿಕ್ಕಿನೊಳಗೆ ನೋಡಿ, ಒಂದು ಸಣ್ಣ ಉಬ್ಬಿದ ಕಣ್ಣು ಕಾಣ್ತದೆ, ಅದರ ಎದುರಿಗೇ ಅಂಟಿಸ್ಬೇಕು, ಅರ್ಧ ಇಂಚು ಆಚೆ ಆದ್ರೂ ಕೆಲವು ಬಾಕ್ಸು ಕೇಳೂದಿಲ್ಲ. ದೀಪ ಉರೀತಾ ಇದೆಯಾ ಅಂತ ನೋಡ್ಲಿಕ್ಕೆ ಒಬ್ಬರು ಒಳಗೆ ಬಟನ್ ಒತ್ತಿ, ಇನ್ನೊಬ್ಬರು ಮೊಬೈಲಿನ ಸೆಲ್ಫಿ ಕ್ಯಾಮೆರಾ ಅದಕ್ಕೆ ಹಿಡೀರಿ, ಬರಿಗಣ್ಣಿಗೆ ಕಾಣದ್ದು ಅಲ್ಲಿ ನೇರಳೆ ಬಣ್ಣದಲ್ಲಿ ಮಿನುಗ್ತದೆ. ಒಂದು ಎಚ್ಚರಿಕೆ, ನಿಮ್ಮದು ಆಂಡ್ರಾಯ್ಡ್ ಬಾಕ್ಸಾಗಿದ್ದು ರಿಮೋಟು ಬ್ಲೂಟೂತಿಂದಾದ್ರೆ ಈ ಐಆರ್ ದಾರಿ ನಡೆಯೂದಿಲ್ಲ, ಬಾಕ್ಸಿನ ಎದುರು ಕೈ ಅಡ್ಡ ಹಿಡಿದು ರಿಮೋಟು ಹಿಂದಕ್ಕೆ ತಿರುಗಿಸಿ ಒತ್ತಿ ನೋಡಿ, ಆಗಲೂ ಚಾನೆಲ್ ಬದಲಾದ್ರೆ ಹೆಚ್ಚಿನಂಶ ಬ್ಲೂಟೂತು.

ವೈರಿನ ಕೆಲಸಕ್ಕೆ ಬರ್ತೇನೆ, ಮೋಸ ಆಗೂದು ಇಲ್ಲೇ. ಕ್ಯಾಟ್-6 ಅಂತ ಮಾರೂದ್ರಲ್ಲಿ ಅಲ್ಯುಮಿನಿಯಮ್ ಎಳೆಗೆ ತಾಮ್ರದ ಲೇಪ ಹಚ್ಚಿದ್ದು ಬಹಳ ಬರ್ತದೆ. ಒಂದು ಎಳೆ ಸುಲಿದು ಬ್ಲೇಡಿಂದ ಹೆರೆದು ನೋಡಿ, ಒಳಗೂ ಕೆಂಪೇ ಇದ್ರೆ ತಾಮ್ರ, ಬೆಳ್ಳಗೆ ಕಂಡ್ರೆ ವಾಪಸ್ ಕೊಡಿ. ತುದಿಗೆ ಪಿನ್ ಹೊಡಿಯೂವಾಗ ಎರಡೂ ಕಡೆ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು, ಇದೇ ಕ್ರಮ. ಕೆಲವರು ಎರಡೂ ತುದಿ ಒಂದೇ ಥರ ಇದ್ರೆ ಆಯ್ತಲ್ಲ ಅಂತ ತಮಗೆ ತೋಚಿದ ಹಾಗೆ ಹೊಡೀತಾರೆ, ಟೆಸ್ಟರಲ್ಲಿ ಎಂಟೂ ದೀಪ ಹತ್ತುತ್ತದೆ, ಚಿತ್ರ ಮಾತ್ರ ನಿಲ್ಲೂದಿಲ್ಲ, ಯಾಕೆ ಅಂದ್ರೆ ಒಟ್ಟಿಗೆ ಸುತ್ತಿದ ಜೋಡಿ ಎಳೇಲೇ ಒಂದೊಂದು ಸಿಗ್ನಲ್ ಹೋಗ್ಬೇಕು, ಜೋಡಿ ಒಡೆದ್ರೆ ಒಂದರ ಸದ್ದು ಇನ್ನೊಂದಕ್ಕೆ ತಾಗ್ತದೆ. ನಡುವೆ ಜಾಯಿಂಟ್ ಬೇಡ, ವೈಫೈ ರೂಟರಿಗೆ ಹಾಕಿ ಮುಂದೆ ಒಯ್ಯೂದೂ ಬೇಡ, ಇದು ಇಂಟರ್‌ನೆಟ್ ಅಲ್ಲ, ಡಬ್ಬಿಯಿಂದ ಡಬ್ಬಿಗೆ ನೇರ.

ದಾರಿ ಅಟ್ಟದ ಮೇಲೆ ಜಂತಿ ಬದಿಗೆ ಪಿವಿಸಿ ಪೈಪಿನೊಳಗೆ ಹೋಗ್ಲಿ, ಬರೀ ವೈರು ಬಿಟ್ರೆ ಒಂದೇ ಮಳೆಗಾಲದಲ್ಲಿ ಇಲಿ ಕಡಿದು ಹಾಕ್ತದೆ. ಕರೆಂಟಿನ ವೈರಿನ ಜೊತೆ ಒಂದೇ ಪೈಪಲ್ಲಿ ಯಾವ ಕಾರಣಕ್ಕೂ ಹಾಕ್ಬೇಡಿ, ಒಂದಡಿ ದೂರ ಇಡಿ, ದಾಟ್ಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ. ಮತ್ತೆ ಇದೆಲ್ಲ ಎಳೆಯೂದಕ್ಕಿಂತ ಮೊದಲು, ಒಳಗಿನ ಟೀವಿ ಜಗುಲಿಗೆ ತಂದು ವೈರಿನ ಸುರುಳಿ ಹಾಗೇ ನೆಲದ ಮೇಲೆ ಇಟ್ಟು ಎಲ್ಲ ಜೋಡಿಸಿ ಒಂದು ಗಂಟೆ ಓಡಿಸಿ ನೋಡಿ. ಅಲ್ಲಿ ಸರಿ ಬಂದ್ರೆ ಆಮೇಲೆ ಏನೇ ತೊಂದ್ರೆ ಆದ್ರೂ ದಾರೀಲಿ ಆದದ್ದು ಅಂತ ಗೊತ್ತಾಗ್ತದೆ.

ಬಾಕ್ಸಿನ ಸೆಟ್ಟಿಂಗಲ್ಲಿ ಎರಡು ವಿಷಯ. ಚಿತ್ರದ ರೆಸಲ್ಯೂಶನ್ 1080ಐ ಇಲ್ಲ 720ಪಿಗೆ ಇಡಿ, 1080ಪಿ 60 ಬೇಡ. ಅದಕ್ಕೆ ಇವುಗಳ ಎರಡರಷ್ಟು ವೇಗ ಬೇಕು, ವೈರಿನ ಮೇಲೆ ಸುಮ್ಮನೆ ಒತ್ತಡ, ಹೇಗೂ ಎಚ್‌ಡಿ ಚಾನೆಲ್‌ಗಳು ಬರೂದೇ ಹೆಚ್ಚಿಗೆ 1080ಐನಲ್ಲಿ, ಕಣ್ಣಿಗೆ ಏನೂ ಕಮ್ಮಿ ಆಗೂದಿಲ್ಲ. ಇನ್ನೊಂದು ಸದ್ದು, ಡಾಲ್ಬಿ ಅಂತ ಇದ್ರೆ ಪಿಸಿಎಂ ಇಲ್ಲ ಸ್ಟೀರಿಯೋ ಮಾಡಿ, ಸಣ್ಣ ಟೀವಿಗೆ ಡಾಲ್ಬಿ ಬಿಡಿಸ್ಲಿಕ್ಕೆ ಬರದೇ ಇದ್ರೆ ಚಿತ್ರ ಬಂದು ಸದ್ದೇ ಇಲ್ಲದೆ ಕೂತ್ಕೊಳ್ತದೆ. ಎರಡು ಡಬ್ಬಿಯ ಅಡಾಪ್ಟರೂ ಇನ್ವರ್ಟರ್ ಲೈನಿಗೆ ಹಾಕಿ, ಇಲ್ಲಾಂದ್ರೆ ಕರೆಂಟು ಹೋದಾಗ ಟೀವಿ ಇದ್ದೂ ಚಿತ್ರ ಇಲ್ಲ.

ಗುಡುಗು ಸಿಡಿಲಿನ ವಿಷಯ ಮಾತ್ರ ದಯವಿಟ್ಟು ಹಗುರ ಮಾಡ್ಬೇಡಿ. ಏಪ್ರಿಲ್-ಮೇ ಸಂಜೆ ಗುಡುಗು, ಮತ್ತೆ ಮಳೆಗಾಲ ಹೋಗೂವಾಗಿನದ್ದು. ಮೊದಲು ಸಿಡಿಲು ಹೊಡೆದ್ರೆ ಒಂದು ಟೀವಿ ಹೋಗ್ತಿತ್ತು, ಈಗ ವೈರು ಎರಡನ್ನೂ ಕಟ್ಟಿಹಾಕಿದೆ. ಮಂಚೀಕೇರಿ ಬದಿ ಒಂದು ಮನೇಲಿ ಪ್ಲಗ್ ಎರಡೂ ತೆಗೆದಿದ್ರು, ಡಿಶ್ ವೈರು ಒಂದು ಹಾಗೇ ಬಿಟ್ಟಿದ್ರು, ಬಾಕ್ಸು, ಎರಡು ಡಬ್ಬಿ, ಎರಡೂ ಟೀವಿಯ ಎಚ್‌ಡಿಎಂಐ ಬಾಯಿ, ಒಂದೇ ಹೊಡೆತಕ್ಕೆ ಹೋಯ್ತು. ಆ ದಿನ ಅವರ ಅಂಗಳದಲ್ಲಿ ಬಿಚ್ಚಿ ಇಟ್ಟ ಬೋರ್ಡಿನ ಸುಟ್ಟ ವಾಸನೆ ನನಗೆ ಇನ್ನೂ ನೆನಪದೆ. ಮೋಡ ಕಟ್ಟಿದ್ದು ಕಂಡ ಕೂಡ್ಲೇ ಡಿಶ್ ವೈರು, ಪ್ಲಗ್ಗು, ಕ್ಯಾಟ್-6 ಮೂರೂ ತೆಗೀರಿ, ಗುಡುಗು ಹತ್ತಿರ ಬಂದ ಮೇಲೆ ವೈರಿಗೆ ಕೈ ಹಾಕ್ಲೇಬೇಡಿ. ಸಮುದ್ರ ಹತ್ತಿರ ಅಂತಾದ್ರೆ ವರ್ಷಕ್ಕೊಮ್ಮೆ ಡಿಶ್ ಹತ್ತಿರದ ಪಿನ್ ಬಿಚ್ಚಿ ನೋಡಿ, ಉಪ್ಪು ಗಾಳಿಗೆ ಹಸಿರು ಕಿಲುಬು ಹಿಡಿದಿದ್ರೆ ಕತ್ತರಿಸಿ ಹೊಸ ಪಿನ್ ಹಾಕಿ. ನಿಮ್ಮ ಮಳೆ ತೊಂದ್ರೆ ಸ್ಪ್ಲಿಟರ್ ತೆಗೆದ ಮೇಲೂ ಉಳಿದ್ರೆ ಮೊದಲ ಅನುಮಾನ ಅಲ್ಲೇ.

ಕೊನೇಗೆ ಅತ್ತೆಗೆ ಅದೇ ಬಾಕ್ಸಿನ ಇನ್ನೊಂದು ರಿಮೋಟು ಕೊಡಿಸಿ, ಟೀವಿ ಬಟನ್ ಕಲಿಸ್ಲಿಕ್ಕೆ ಬರೂದನ್ನೇ ಕೇಳಿ. ಸದ್ದು ಬಾಕ್ಸಿಂದ ಕಮ್ಮಿ ಜಾಸ್ತಿ ಮಾಡಿದ್ರೆ ಜಗುಲೀಲೂ ಆಗ್ತದೆ, ಅದಕ್ಕೆ ಬಾಕ್ಸಿನ ವಾಲ್ಯೂಮ್ ಪೂರ್ತಿ ಏರಿಸಿ ಬಿಟ್ಟು ಟೀವಿ ರಿಮೋಟಿನ ಆನ್-ಆಫ್ ಮತ್ತೆ ವಾಲ್ಯೂಮ್ ಈ ರಿಮೋಟಿಗೆ ಕಲಿಸ್ಬೇಕು, ಎರಡು ರಿಮೋಟಿನ ಮೂತಿ ಎದುರುಬದುರು ಇಟ್ಟು ಒತ್ತೂದು, ಕ್ರಮ ಅದರ ಪೊಟ್ಟಣದಲ್ಲಿ ಚಿತ್ರ ಹಾಕಿ ಕೊಟ್ಟಿರ್ತಾರೆ. ಆಮೇಲೆ ಅವರು ದಿನಾ ಒತ್ತೂ ನಾಲ್ಕು ಬಟನಿಗೆ ಒಂದೊಂದು ಚುಕ್ಕಿ ಉಗುರುಬಣ್ಣ ಹಚ್ಚಿ, ಚಾನೆಲ್ಲಿಗೆ ಕೆಂಪು, ಸದ್ದಿಗೆ ಬೇರೆ ಬಣ್ಣ, ಕನ್ನಡಕ ಇಲ್ಲದೇ ಸಿಗ್ತದೆ.